ಕೇಳದೆ ಕೊಟ್ಟ ಡಿಸ್ಕು

ಮೋಟರ್‌ಸೈಕಲ್ಲಿನ ಬಿಡಿಭಾಗ ಮಾರುವ ಆ ಅಂಗಡಿಗೆ ಒಂದು ಬೋರ್ಡಿದೆ. ಅದರ ಮೇಲೆ ಯಜಮಾನರ ಹೆಸರು ಕೆಂಪು ಬಣ್ಣದಲ್ಲಿ, ದೂರದಿಂದಲೇ ಕಣ್ಣಿಗೆ ಹೊಡೆಯುವ ಹಾಗಿದೆ. ಆದರೂ ಬೀದಿಯಲ್ಲಿ ಆ ಹೆಸರು ಹಿಡಿದು ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಡಿಸ್ಕಕ್ಕನ ಅಂಗಡಿ ಎಂದರೆ ಮಾತ್ರ ಪಂಕ್ಚರ್ ಹಾಕುವವನಿಂದ ಹಿಡಿದು ಔಷಧಿ ಅಂಗಡಿಯವನವರೆಗೆ ಎಲ್ಲರೂ ಕೈ ತೋರಿಸುತ್ತಾರೆ. ಯಜಮಾನರಿಗೆ ಈ ವಿಷಯದಲ್ಲಿ ಒಳಗೊಳಗೇ ಬೇಸರವಿತ್ತು. ಬೋರ್ಡಿಗೆ ಇನ್ನೊಂದು ಸಲ ಬಣ್ಣ ಹೊಡೆಸಿ ನೋಡಿದರು. ಪ್ರಯೋಜನವಾಗಲಿಲ್ಲ.

ಡಿಸ್ಕಕ್ಕ ಗಾಜಿನ ಕೌಂಟರಿನ ಹಿಂದೆ ನಿಂತೇ ಇರುತ್ತಿದ್ದಳು. ಕೂರುವುದಕ್ಕೆ ಸ್ಟೂಲಿತ್ತು, ಅದರ ಮೇಲೆ ಅವಳ ಊಟದ ಡಬ್ಬಿ ಕೂತಿರುತ್ತಿತ್ತು. ಬೆನ್ನ ಹಿಂದೆ ಸೂರಿನವರೆಗೂ ಕಬ್ಬಿಣದ ಕಪಾಟು, ಕಪಾಟಿನ ತುಂಬ ಕ್ಲಚ್ ವೈರು, ಚೈನು, ಬಲ್ಬು, ರಬ್ಬರು. ಅವಳನ್ನು ಒಳ್ಳೆಯವಳು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಹಾಗಿರಲಿಲ್ಲ. ಬಾಯಿ ಜೋರು. ಚಿಲ್ಲರೆ ತರದೆ ಬಂದವರನ್ನು ಕೋರ್ಟಿನಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸುತ್ತಿದ್ದಳು. ಬೆಳಗಿನ ಹೊತ್ತು ಯಾರಾದರೂ ತಮಾಷೆ ಮಾಡಿದರೆ ಹುಬ್ಬು ಗಂಟು ಹಾಕಿಕೊಂಡು, "ಏನ್ ಬೇಕೋ ಅದನ್ನ ಹೇಳಿ" ಅನ್ನುತ್ತಿದ್ದಳು. ಪಕ್ಕದ ಮನೆಗಳ ಸುದ್ದಿಯಲ್ಲಿ ಅವಳಿಗಿದ್ದ ಆಸಕ್ತಿಯೂ ಕಮ್ಮಿಯದಲ್ಲ. ಆದರೆ ಅಂಗಡಿಯ ಸಾಮಾನಿನ ಬಗ್ಗೆ ಆ ಬಾಯಿಂದ ಸುಳ್ಳು ಬಂದದ್ದನ್ನು ಕೇಳಿದವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಬ್ರೇಕ್ ಡಿಸ್ಕು ಕೇಳಿಕೊಂಡು ಬಂದರಂತೂ ಅವಳದೇ ಒಂದು ಪದ್ಧತಿ. ಡಿಸ್ಕೆಂದರೆ ಮತ್ತೇನಲ್ಲ, ಮುಂದಿನ ಚಕ್ರದ ಜೊತೆ ತಿರುಗುವ, ಮೈತುಂಬ ತೂತುಗಳಿರುವ ಉಕ್ಕಿನ ತಟ್ಟೆ. ಬ್ರೇಕ್ ಹಿಡಿದಾಗ ಅದನ್ನು ಎರಡು ಪ್ಯಾಡುಗಳು ಎರಡೂ ಕಡೆಯಿಂದ ಅಮುಕುತ್ತವೆ, ಗಾಡಿ ನಿಲ್ಲುತ್ತದೆ. ಸವೆದರೆ ಬದಲಿಸಬೇಕು. ಅವಳು ಕೆಳಗಿನ ಕಪಾಟಿನಿಂದ ಅಗ್ಗದ ಡಿಸ್ಕು ತೆಗೆಯುತ್ತಿದ್ದಳು, ಮೇಲಿನ ಕಪಾಟಿನಿಂದ ದುಬಾರಿ ಡಿಸ್ಕು. ಎರಡನ್ನೂ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟು, ಯಾವುದರ ಬೆಲೆಯನ್ನೂ ಹೇಳದೆ, ಎದುರಿಗಿದ್ದವರ ಮುಖ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಗಾಡಿ ಎಷ್ಟು ದಿನ ಇಟ್ಕೋತೀರಾ?"

ಇನ್ನೇನು ಮಾರಿಬಿಡುತ್ತೇನೆ ಎಂದವರಿಗೆ ಅಗ್ಗದ್ದು. ಇಟ್ಟುಕೊಳ್ಳುತ್ತೇನೆ ಎಂದವರಿಗೆ ದುಬಾರಿಯದು. ಅಗ್ಗದ್ದನ್ನು ಅವಳು ಎಂದೂ ಹೀಗಳೆದವಳಲ್ಲ. "ಅಗ್ಗದ್ದು ಕೆಟ್ಟದ್ದಲ್ಲ, ಆಯಸ್ಸು ಕಮ್ಮಿ ಅಷ್ಟೇ" ಎಂದು ಹೇಳಿ, ಎರಡರ ತೂತುಗಳ ಅಂಚನ್ನೂ ಗಿರಾಕಿಯ ಬೆರಳಿನಿಂದಲೇ ಮುಟ್ಟಿಸಿ ತೋರಿಸುತ್ತಿದ್ದಳು. ದುಬಾರಿಯದು ನುಣುಪು, ಅಗ್ಗದ್ದು ಬೆರಳನ್ನು ತರಚುತ್ತಿತ್ತು. ಕೆಲವು ಪಡ್ಡೆ ಹುಡುಗರು, "ಗಾಡೀನ ಸಾಯೋವರೆಗೂ ಇಟ್ಕೋತೀನಿ ಅಕ್ಕಾ" ಎಂದು ಜಂಬ ಕೊಚ್ಚುತ್ತಿದ್ದರು. "ಹಾಗಾದ್ರೆ ಒಳ್ಳೇದೇ ತಗೋ. ಅಗ್ಗದ್ದು ತಗೊಂಡು ಇಳಿಜಾರಲ್ಲಿ ಹಾರಿಸ್ಕೊಂಡು ಹೋದ್ರೆ ಆ ದಿನ ಬೇಗ ಬಂದ್ಬಿಡುತ್ತೆ" ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು.

ಅವಳಿಗೆ ಗಂಡ ಸಿಕ್ಕಿದ್ದೂ ಆ ಪ್ರಶ್ನೆಯಿಂದಲೇ.

ಅವನು ಮೊಟ್ಟೆ ಹಾಕುವವನು. ಊರ ಹೊರಗಿನ ಕೋಳಿ ಫಾರಮ್ಮಿನಿಂದ ಮೊಟ್ಟೆಯ ಟ್ರೇಗಳನ್ನು ಮೋಟರ್‌ಸೈಕಲ್ಲಿನ ಹಿಂದೆ ಹಲಗೆಯ ಮೇಲೆ ಪೇರಿಸಿ, ಹಳೆಯ ಟ್ಯೂಬಿನಿಂದ ಬಿಗಿದು, ಅಂಗಡಿ ಅಂಗಡಿಗೆ ಇಳಿಸಿಕೊಂಡು ಬರುತ್ತಿದ್ದ. ಎಲ್ಲರಿಗೂ ಅವನು ಮೊಟ್ಟೆಯಣ್ಣ. ಮೊದಲ ಸಲ ಅಂಗಡಿಗೆ ಬಂದಾಗ ಅವನ ಅಂಗಿಯ ಮೇಲೆಲ್ಲ ಹಳದಿ. ಡಿಸ್ಕು ಕಾದು ಸೊಟ್ಟಗಾಗಿ, ಬ್ರೇಕ್ ಹಿಡಿದಾಗೆಲ್ಲ ಗಾಡಿ ನಡುಗುತ್ತಿತ್ತು. ಇಳಿಜಾರಿನ ಕೆಳಗೆ ಒಂದು ಟ್ರೇ ಪೂರ್ತಿ ರಸ್ತೆಪಾಲಾಗಿತ್ತು. ಅವಳು ನಗು ತಡೆದುಕೊಂಡು ಎರಡು ಡಿಸ್ಕು ಇಟ್ಟು ಕೇಳಿದಳು.

"ಗಾಡಿ ಎಷ್ಟು ದಿನ ಇಟ್ಕೋತೀರಾ?"

"ಮದುವೆ ಆಗೋವರೆಗೂ."

"ಯಾವಾಗ ಮದುವೆ?"

"ಹೆಣ್ಣು ಸಿಕ್ಕಿಲ್ಲ."

"ಹಾಗಾದ್ರೆ ಒಳ್ಳೇದೇ ತಗೊಳ್ಳಿ. ತುಂಬಾ ದಿನ ಬೇಕಾಗುತ್ತೆ."

ಅಂಗಡಿಯಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ಅವನೂ ನಕ್ಕ. ನಕ್ಕು ಅಗ್ಗದ್ದನ್ನೇ ತೆಗೆದುಕೊಂಡು ಹೋದ. ಮೊಟ್ಟೆ ಹೊರುವ ಗಾಡಿಗೆ ಅದು ಸಲ್ಲದು ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಡಿಸ್ಕು ಸೊಟ್ಟಗಾಯಿತು, ಮತ್ತೆ ಬಂದ, ಮತ್ತೆ ಅಗ್ಗದ್ದು. ಇವನಿಗೆ ಬುದ್ಧಿ ಮಂದವೋ, ಕೈ ಬಿಗಿಯೋ ಎಂದು ಅವಳಿಗೆ ಅನುಮಾನ. ಯಜಮಾನರಿಗೆ ಮಾತ್ರ ಅನುಮಾನವಿರಲಿಲ್ಲ. ಅವರು ಲೋಕ ಕಂಡವರು, ಸುಮ್ಮನೆ ಮೀಸೆಯಲ್ಲೇ ನಗುತ್ತಿದ್ದರು. ಮದುವೆಯಾದ ಮೇಲೆ ಅವನೇ ಬಾಯಿಬಿಟ್ಟ. "ಒಳ್ಳೇ ಡಿಸ್ಕ್ ತಗೊಂಡಿದ್ರೆ ವರ್ಷಗಟ್ಟಲೆ ಈ ಕಡೆ ಬರೋಕೆ ನೆಪಾನೇ ಇರ್ತಿರಲಿಲ್ಲ ಕಣೇ." ಅವಳು ಅವನ ತಲೆಗೆ ಮೊಟಕಿ, ಅಷ್ಟೂ ಕಾಲ ಒಡೆದುಹೋದ ಮೊಟ್ಟೆಗಳನ್ನು ನೆನೆದು ಬೈದಳು. ಬೈಯುತ್ತ ಬೈಯುತ್ತ ಅವಳಿಗೆ ಕಣ್ಣೀರು ಬಂತು. ಅವಳಿಗಾಗಿ ಅಷ್ಟು ನಷ್ಟ ಮಾಡಿಕೊಂಡವರು ಅದುವರೆಗೆ ಯಾರೂ ಇರಲಿಲ್ಲ.

ಮಕ್ಕಳಾಗಲಿಲ್ಲ. ಅದಕ್ಕೆ ಕೆಲವು ಕಾಲ ಅತ್ತರು, ಆಮೇಲೆ ಬಿಟ್ಟರು. ಅವರಿಬ್ಬರ ನಡುವೆ ಮಾತಿಗೆ ಬರವಿರಲಿಲ್ಲ, ಮನೆ ಭಣಭಣ ಅನ್ನುತ್ತಿರಲಿಲ್ಲ.

ಮದುವೆಯಾದ ಮೇಲೂ ಅವನು ಡಿಸ್ಕು ಬೇಕಾದಾಗ ಗಿರಾಕಿಯ ಹಾಗೆ ಕೌಂಟರಿನ ಆಚೆ ಬಂದು ನಿಲ್ಲುತ್ತಿದ್ದ. ಅವಳೇ ಮನೆಗೆ ತಂದುಕೊಡುವ ಮಾತೇ ಇರಲಿಲ್ಲ. "ಮನೆ ಬೇರೆ, ಅಂಗಡಿ ಬೇರೆ" ಎಂದು ಅವಳೇ ಮೊದಲ ವಾರದಲ್ಲಿ ಕಟ್ಟಾಜ್ಞೆ ಮಾಡಿದ್ದಳು. ಅವನು ಸರದಿಯಲ್ಲಿ ನಿಂತು, ತನ್ನ ಪಾಳಿ ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವಳು ಗುರುತೇ ಇಲ್ಲದವಳ ಹಾಗೆ ಎರಡು ಡಿಸ್ಕು ಇಟ್ಟು ಆ ಪ್ರಶ್ನೆ ಕೇಳುತ್ತಿದ್ದಳು. ಅವನು ಪ್ರತಿ ಸಲ ಹೊಸ ಉತ್ತರ ಕೊಡುತ್ತಿದ್ದ. ನಿನ್ನ ಅಡುಗೆಗೆ ಉಪ್ಪು ಸರಿಯಾಗಿ ಬೀಳೋವರೆಗೂ. ನಿನ್ನ ತಲೆ ಪೂರ್ತಿ ಬೆಳ್ಳಗಾಗೋವರೆಗೂ. ಕೋಳಿಗಳು ತಾವೇ ಅಂಗಡಿಗೆ ನಡ್ಕೊಂಡು ಹೋಗಿ ಮೊಟ್ಟೆ ಇಡೋವರೆಗೂ. ಉತ್ತರವನ್ನು ದಿನಗಟ್ಟಲೆ ಯೋಚಿಸಿ ಬರುತ್ತಿದ್ದ, ಅದು ಅವಳಿಗೂ ಗೊತ್ತಿತ್ತು. ಅವನು ಬಂದನೆಂದರೆ ಯಜಮಾನರು ಫೋನಿನಲ್ಲಿದ್ದರೂ ಇಟ್ಟು ಕಿವಿ ಅತ್ತ ಕೊಡುತ್ತಿದ್ದರು. ಉತ್ತರ ಹೇಳಿದ ಮೇಲೆ ಅವನು ತೆಗೆದುಕೊಳ್ಳುತ್ತಿದ್ದದ್ದು ಅಗ್ಗದ್ದನ್ನೇ. ಬೇಗ ಸವೆಯಲಿ, ಬೇಗ ಬರುತ್ತೇನೆ ಎಂಬ ಲೆಕ್ಕ. ಇಷ್ಟು ವಯಸ್ಸಾದ ಮೇಲೂ ಇದೆಂಥ ಹುಚ್ಚು ಎಂದು ಅವಳು ಅಂದರೂ, ಆ ದಿನ ಅವಳ ಬಾಯಿ ಉಳಿದ ಗಿರಾಕಿಗಳ ಮೇಲೆ ಜೋರಾಗುತ್ತಿರಲಿಲ್ಲ.

ಹೀಗಿರುವಾಗ ಅವನ ಅಣ್ಣ ತೀರಿಕೊಂಡ.

ಅಣ್ಣನಿಗೆ ಕಾಯಿಲೆಯ ಹೆಸರು ಹೇಳಿದ ದಿನವೇ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮತ್ತೆ ಯಾರ ಕಡೆಗೂ ತಿರುಗಲಿಲ್ಲ. ಹೆಂಡತಿ ಮಕ್ಕಳ ಜೊತೆ ಮಾತಿಲ್ಲ, ಊಟವಿಲ್ಲ. ರೋಗ ಕೊಲ್ಲುವುದಕ್ಕೆ ಮುಂಚೆ ಸುದ್ದಿಯೇ ಕೊಂದಿತ್ತು. ಎಲ್ಲ ಮುಗಿಸಿ ಮನೆಗೆ ಬಂದ ಸಂಜೆ ಮೊಟ್ಟೆಯಣ್ಣ ಹೊಸ್ತಿಲ ಮೇಲೆ ಕೂತು ಹೆಂಡತಿಗೆ ಹೇಳಿದ. "ನನಗೇನಾದ್ರೂ ಇಂಥದ್ದು ಬಂದ್ರೆ ನನಗೆ ಹೇಳ್ಬೇಡ. ನಿಂಗೆ ಗೊತ್ತಿರಲಿ, ಸಾಕು. ನಾನು ನನ್ನ ಪಾಡಿಗೆ ಮೊಟ್ಟೆ ಹಾಕ್ಕೊಂಡು ಇರ್ತೀನಿ." ಅವಳು ಬೇಡ ಅಂದಳು, ಕೆಟ್ಟ ಮಾತಾಡಬೇಡಿ ಅಂದಳು. ಅವನು ಬಿಡಲಿಲ್ಲ. ಕೈ ಮೇಲೆ ಕೈ ಹಾಕಿಸಿಕೊಂಡ.

ಹೊಟ್ಟೆ ನೋವು ಶುರುವಾದದ್ದು ಅದಾದ ಎಷ್ಟೋ ಕಾಲದ ಮೇಲೆ. ಮೊದಲು ಗ್ಯಾಸ್ ಎಂದ. ಆಮೇಲೆ ಟ್ರೇ ಎತ್ತಿ ಸೊಂಟ ಹಿಡಿದಿದೆ ಎಂದ. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಬಿದ್ದ ಮೇಲೆ ಅವಳು ಬಲವಂತವಾಗಿ ಆಸ್ಪತ್ರೆಗೆ ಹೊರಡಿಸಿದಳು. ಪರೀಕ್ಷೆಗಳಾದವು. ವರದಿ ಕೇಳಲು ಹೋದ ದಿನ ವಾಚ್‌ಮನ್ ಬಂದು, ಗೇಟಿಗೆ ಅಡ್ಡ ನಿಲ್ಲಿಸಿದ ಗಾಡಿ ಯಾರದು ಎಂದು ಕೂಗಾಡಿದ. ಅವನು ಗಾಡಿ ತೆಗೆಯಲು ಕೆಳಗೆ ಹೋದ. ಅಷ್ಟರಲ್ಲೇ ಡಾಕ್ಟರು ಒಳಗೆ ಕರೆದರು. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. ಗಡ್ಡೆ ಎಲ್ಲಿದೆ, ಎಲ್ಲೆಲ್ಲಿಗೆ ಹಬ್ಬಿದೆ ಎಂದು ಪೆನ್ನಿನ ತುದಿಯಿಂದ ತೋರಿಸಿದರು. ಕೊನೆಗೆ ಪೆನ್ನು ಕೆಳಗಿಟ್ಟು, "ವರ್ಷ ತುಂಬೋದು ಕಷ್ಟ ಅಮ್ಮಾ" ಎಂದರು.

ಅವಳು ವರದಿಯನ್ನು ಮಡಚಿ ಚೀಲದೊಳಗೆ ತುರುಕಿದಳು. ಮೆಟ್ಟಿಲಿಳಿದು ಬರುವಾಗ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ತುಕ್ಕು ಅಂಟಿಕೊಂಡಿತ್ತು. ಕೆಳಗೆ ಅವನು ಗಾಡಿಯ ಮೇಲೆ ಕೂತು ವಾಚ್‌ಮನ್ ಜೊತೆ ಮೊಟ್ಟೆಯ ರೇಟು ಮಾತಾಡುತ್ತಿದ್ದ. ಜಗಳ ಆಗಲೇ ಸ್ನೇಹವಾಗಿತ್ತು.

"ಏನಂತೆ?"

"ಹುಣ್ಣಂತೆ. ಮಾತ್ರೆ ಬರೆದಿದಾರೆ. ಖಾರ ಬಿಡ್ಬೇಕಂತೆ."

"ಖಾರ ಬಿಟ್ಟು ಬದುಕಿ ಏನ್ ಮಾಡೋದು?" ಎಂದು ಅವನು ನಕ್ಕ.

ಅವಳೂ ನಕ್ಕಳು. ಆ ನಗು ಎಲ್ಲಿಂದ ತಂದಳೋ ದೇವರಿಗೇ ಗೊತ್ತು.

ಅಂದಿನಿಂದ ಅವಳ ಬದುಕೆಲ್ಲ ಒಂದೇ ಕೆಲಸವಾಯಿತು, ಅವನಿಗೆ ಗೊತ್ತಾಗಬಾರದು. ಅವನು ಗೋಡೆಯ ಕಡೆ ತಿರುಗಿ ಮಲಗುವ ದಿನ ಬರಬಾರದು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಮಾತ್ರೆಯ ಚೀಟಿ ಹರಿದು, ಮಾತ್ರೆಗಳನ್ನು ಬೇರೆ ಡಬ್ಬಿಗೆ ಹಾಕಿದಳು. ಅಳು ಬಂದಾಗ ನಲ್ಲಿ ಜೋರಾಗಿ ಬಿಟ್ಟು ತೊಳೆದ ಪಾತ್ರೆಯನ್ನೇ ತೊಳೆದಳು. ಅವನ ಎದುರು ಮೊದಲಿನ ಹಾಗೇ ಬೈದಳು, ಬೈಯದಿದ್ದರೆ ಅನುಮಾನ ಬರುತ್ತದೆಂದು ಇನ್ನೂ ಸ್ವಲ್ಪ ಜಾಸ್ತಿಯೇ ಬೈದಳು. ತವರಿಗೆ ಹೇಳಲಿಲ್ಲ, ಯಜಮಾನರಿಗೆ ಹೇಳಲಿಲ್ಲ. ಆ ಸುದ್ದಿಯನ್ನು ಒಬ್ಬಳೇ ಹೊತ್ತುಕೊಂಡು ದಿನಾ ಅಂಗಡಿಗೆ ಬಂದಳು, ಹೋದಳು. ಇಷ್ಟು ಜನರಿರುವ ಬೀದಿಯಲ್ಲಿ ಒಬ್ಬ ಹೆಂಗಸು ಅಷ್ಟು ಒಂಟಿಯಾಗಿ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಅವನು ಮಾತ್ರೆ ನುಂಗಿಕೊಂಡು ಮೊಟ್ಟೆ ಹಾಕುತ್ತಲೇ ಇದ್ದ. ಟ್ರೇಗಳು ಕಮ್ಮಿಯಾದವು, ಸುತ್ತು ಕಮ್ಮಿಯಾಯಿತು, ಅಷ್ಟೇ. ಆದರೆ ಒಂದು ಸಂಜೆ ಅವನ ಗಾಡಿ ಓಣಿಗೆ ತಿರುಗಿದಾಗ ಅವಳು ಕಿವಿಗೊಟ್ಟಳು. ಬ್ರೇಕ್ ಹಿಡಿದ ಸದ್ದಿನಲ್ಲಿ ಕಿರ್ರನೆ ಒಂದು ಉಜ್ಜಾಟವಿತ್ತು. ಅವನು ಸ್ನಾನಕ್ಕೆ ಹೋದಾಗ ಹೊರಗೆ ಬಂದು, ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಡಿಸ್ಕಿನ ಮೇಲೆ ಉಗುರು ಎಳೆದು ನೋಡಿದಳು. ಅಂಚಿನಲ್ಲಿ ಏಣು ಎದ್ದಿತ್ತು, ನಡುವೆ ಸವೆದು ತೆಳ್ಳಗಾಗಿತ್ತು. ಬದಲಿಸಲೇಬೇಕು. ಅಂದರೆ ಅವನು ಕೌಂಟರಿಗೆ ಬರುತ್ತಾನೆ. ಬಂದರೆ ಅವಳು ಆ ಪ್ರಶ್ನೆ ಕೇಳಬೇಕು.

"ಡಿಸ್ಕ್ ನಾನೇ ತಂದ್ಬಿಡ್ತೀನಿ ಬಿಡಿ" ಎಂದಳು ಊಟದ ಹೊತ್ತಿಗೆ, ಏನೋ ನೆನಪಾದವಳ ಹಾಗೆ. "ಈ ಬಿಸಿಲಲ್ಲಿ ನೀವ್ಯಾಕೆ ಬಂದು ನಿಲ್ತೀರಾ?"

"ಮನೆ ಬೇರೆ, ಅಂಗಡಿ ಬೇರೆ ಅಂದವಳು ನೀನೇ ಅಲ್ವಾ?" ಅವನು ತಟ್ಟೆಯಲ್ಲಿ ಅನ್ನ ಅತ್ತಿತ್ತ ಸರಿಸುತ್ತಿದ್ದ. ಉಣ್ಣುತ್ತಿರಲಿಲ್ಲ. "ಈ ಸಲ ಒಂದು ಒಳ್ಳೇ ಉತ್ತರ ಇಟ್ಕೊಂಡಿದೀನಿ. ಈಗ ಹೇಳಲ್ಲ. ಯಜಮಾನ್ರೂ ಕೇಳಿಸ್ಕೋಬೇಕು."

ಅವಳು ಕೇಳುವುದೆಂದೇ ತೀರ್ಮಾನಿಸಿದಳು. ಏನು ಮಹಾ, ನಾಲ್ಕು ಮಾತು, ದಿನಾ ಯಾರ್ಯಾರಿಗೋ ಕೇಳುವುದು. ದಾರಿಯಲ್ಲಿ ನಡೆಯುವಾಗ, ಕಪಾಟು ಒರೆಸುವಾಗ, ಅದನ್ನೇ ಬಾಯಲ್ಲಿ ಹೇಳಿಕೊಂಡಳು. ಸಲೀಸಾಗಿ ಬರುತ್ತಿತ್ತು. ಬೇರೆ ಗಿರಾಕಿಗಳನ್ನು ಕೇಳುವಾಗಲೂ ದನಿ ನಡುಗಲಿಲ್ಲ. ಧೈರ್ಯ ಬಂತು.

ಅವನು ಬಂದದ್ದು ಬೆಳಗಿನ ವ್ಯಾಪಾರ ಸ್ವಲ್ಪ ತಣ್ಣಗಾದ ಹೊತ್ತಿಗೆ. ಟ್ರೇ ಪೇರಿಸಿದ ಗಾಡಿಯನ್ನು ಪಕ್ಕದ ಮೆಕ್ಯಾನಿಕ್ಕಿನ ಹತ್ತಿರ ಬಿಟ್ಟು, ಅಲ್ಲಿಂದ ನಡೆದು ಬಂದ ಅಷ್ಟು ದೂರಕ್ಕೇ ಏದುಸಿರು ಬಿಡುತ್ತಿದ್ದ. ಒಂದು ಕೈ ಪಕ್ಕೆಯ ಮೇಲಿತ್ತು. ಮುಂದೆ ಒಬ್ಬ ಗಿರಾಕಿಯಿದ್ದ, ಅವನು ಹೋಗುವವರೆಗೆ ಕಾದು ನಿಂತ. ಯಜಮಾನರು ಕನ್ನಡಕ ಮೇಲೇರಿಸಿಕೊಂಡು ಕುರ್ಚಿಯನ್ನು ಸ್ವಲ್ಪ ಇತ್ತ ಎಳೆದುಕೊಂಡರು. ಅವನು ಗಂಟಲು ಸರಿಮಾಡಿಕೊಂಡ.

"ಮುಂದಿನ ಡಿಸ್ಕ್ ಹೋಗಿದೆ ಕಣಮ್ಮಾ. ಕೊಡಿ ಒಂದು."

ಅವಳು ತಲೆ ಎತ್ತಿದಳು. ಅಂಗಿಯ ಕಾಲರಿನೊಳಗೆ ಅವನ ಕುತ್ತಿಗೆ ಅಷ್ಟು ಸಣ್ಣಗಾಗಿರುವುದನ್ನು ಮನೆಯ ಮಬ್ಬಿನಲ್ಲಿ ಅವಳು ಗಮನಿಸಿರಲಿಲ್ಲ. ಕಣ್ಣು ಮಾತ್ರ ಅದೇ ಹಳೆಯ ಕಣ್ಣು, ಬಾಯಿಪಾಠ ಮಾಡಿಕೊಂಡು ಬಂದ ಹುಡುಗನ ಕಣ್ಣು. ಕೇಳು, ಕೇಳು ಅನ್ನುತ್ತಿತ್ತು. ಅವಳು ಬಾಯಿ ತೆರೆದಳು. ನಾಲಿಗೆ ಹೊರಳಲಿಲ್ಲ. ಈಗ ಕೇಳಿದರೆ ಅವನು ತಮಾಷೆಯಾಗಿ ಏನೋ ಹೇಳುತ್ತಾನೆ, ಇಪ್ಪತ್ತು ವರ್ಷ ಎನ್ನುತ್ತಾನೆ, ಮುಪ್ಪು ಎನ್ನುತ್ತಾನೆ, ಆಗ ತನ್ನ ಮುಖ ತನ್ನ ಮಾತು ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಾಗಿಹೋಯಿತು. ಸರಕ್ಕನೆ ತಿರುಗಿ ಮೇಲಿನ ಕಪಾಟಿಗೆ ಕೈ ಚಾಚಿ ದುಬಾರಿ ಡಿಸ್ಕು ತೆಗೆದಳು. ಅದೊಂದನ್ನೇ ತೆಗೆದಳು. ಗಾಜಿನ ಮೇಲಿಟ್ಟು ಕಾಗದ ಸುತ್ತತೊಡಗಿದಳು.

"ಇದನ್ನೇ ತಗೊಂಡು ಹೋಗಿ. ಚೆನ್ನಾಗಿರುತ್ತೆ. ತುಂಬಾ ದಿನ ಬರುತ್ತೆ."

ಯಜಮಾನರ ಮುಖದಲ್ಲಿ ಅರಳಲು ಸಿದ್ಧವಾಗಿದ್ದ ನಗು ಹಾಗೇ ನಿಂತಿತ್ತು.

"ಉತ್ತರ ಇಟ್ಕೊಂಡು ಬಂದಿದ್ದೆ" ಎಂದ ಅವನು. "ನೀನು ಕೇಳ್ಲೇ ಇಲ್ಲ."

"ಮರೆತುಬಿಟ್ಟೆ ರೀ. ಬೆಳಗಿಂದ ಜನ."

"ನೀನಾ?"

ಅವಳು ದಾರಕ್ಕಾಗಿ ಹುಡುಕಿದಳು. ದಾರ ಕಣ್ಣೆದುರೇ ಇತ್ತು. ಅವನು ಅವಳ ಕೈಗಳನ್ನು ನೋಡುತ್ತ ನಿಂತ, ಆಮೇಲೆ ಮುಖ ನೋಡಿದ. ಅವನ ಮುಖದ ಮೇಲಿದ್ದ ತಮಾಷೆ ಇಳಿದುಹೋಗುವುದನ್ನು ಅವಳು ತಲೆ ಎತ್ತದೆಯೇ ಅರಿತಳು. ಎಲ್ಲ ಗಿರಾಕಿಗಳಿಗೂ, ಗುರುತಿಲ್ಲದವರಿಗೂ, ಕುಡಿದು ಬಂದವರಿಗೂ ಕೇಳುವ ಮಾತನ್ನು ಇವಳು ನನಗೊಬ್ಬನಿಗೆ ಯಾಕೆ ಕೇಳಲಿಲ್ಲ ಎಂದು ಅವನು ಯೋಚಿಸುತ್ತಿದ್ದ. ಯೋಚಿಸಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಮೈ ಅವನದೇ ಅಲ್ಲವೇ, ಅದು ಅವನಿಗೆ ಮುಂಚೆಯೇ ಸೂಚನೆ ಕೊಟ್ಟಿರಬೇಕು.

ಯಜಮಾನರು ಎದ್ದು, ಟೀ ಕುಡಿದು ಬರುತ್ತೇನೆಂದು ಹೊರಗೆ ನಡೆದರು.

"ಅದು ಬೇಡ" ಎಂದ ಅವನು ಮೆಲ್ಲಗೆ. "ಅಗ್ಗದ್ದು ತೋರಿಸು."

"ರೀ, ಬೇಡ ರೀ. ಇದನ್ನೇ..."

"ತೋರಿಸೇ."

ಅವಳು ಬಗ್ಗಿ ಕೆಳಗಿನ ಕಪಾಟಿನಿಂದ ತೆಗೆದು ಇಟ್ಟಳು. ಅವನು ಅದನ್ನು ಕೈಗೆತ್ತಿಕೊಂಡ, ತೂತಿನ ಅಂಚಿನ ಮೇಲೆ ಬೆರಳಾಡಿಸಿದ. ಅವಳನ್ನು ಹೆಂಡತಿಯೆಂದು ಕೇಳಿದ್ದರೆ ಅವಳು ಸುಳ್ಳು ಹೇಳುತ್ತಿದ್ದಳು. ಆಣೆ ಹಾಕಿ ಹೇಳುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಅದಕ್ಕೇ ಕೌಂಟರಿನ ಆಚೆ ನಿಂತ ಗಿರಾಕಿಯ ಹಾಗೆ ಕೇಳಿದ.

"ಇದು ಸಾಕಾಗುತ್ತಾ?"

ಆ ಕೌಂಟರಿನ ಹಿಂದೆ ನಿಂತು ಸಾಮಾನಿನ ಬಗ್ಗೆ ಅವಳು ಯಾರಿಗೂ ಸುಳ್ಳು ಹೇಳಿರಲಿಲ್ಲ. ಗುಟ್ಟು ಉಳಿಯಬೇಕಾದರೆ ಈಗ ಸಾಲದು ಅನ್ನಬೇಕಿತ್ತು. ಒಂದೇ ಪದ. ಆ ಪದಕ್ಕಾಗಿ ಅವಳು ಒಳಗೆಲ್ಲ ತಡಕಾಡಿದಳು, ಸಿಗಲಿಲ್ಲ. ಗಾಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಸಾಕಾಗುತ್ತೆ" ಎಂದಳು.

ಹೇಳಿದ ಮರುಗಳಿಗೆಯೇ ಆ ಮಾತನ್ನು ಬಾಚಿ ವಾಪಸು ನುಂಗಿಬಿಡಬೇಕು ಅನ್ನಿಸಿತು. ಅವನು ತಲೆಯಾಡಿಸಿದ. ಅಣ್ಣನ ಹಾಗೆ ಗೋಡೆಯ ಕಡೆ ತಿರುಗಲಿಲ್ಲ. ಅವಳನ್ನೇ ನೋಡುತ್ತಿದ್ದ.

"ನಾನು ಹೇಳ್ಲಿಲ್ಲ ರೀ" ಎಂದಳು ಅವಳು, ಮಗುವಿನ ಹಾಗೆ. "ಕೈ ಮೇಲೆ ಕೈ ಹಾಕಿದ್ದೆ. ನಾನು ಹೇಳ್ಲಿಲ್ಲ."

"ಇಲ್ಲ ಬಿಡು. ನೀನು ಹೇಳ್ಲಿಲ್ಲ." ಡಿಸ್ಕನ್ನು ಗಾಜಿನ ಮೇಲಿಟ್ಟು ಕೇಳಿದ, "ಯಾರ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಒಬ್ಳೇ ಇಟ್ಕೊಂಡಿದ್ಯಾ ಇಷ್ಟು ದಿನ?" ಅವನ ದನಿ ಅಲ್ಲಿ ಮೊದಲ ಸಲ ಒಡೆಯಿತು. ತನ್ನ ಸಾವಿನ ಸುದ್ದಿಗೆ ತುಂಬದ ಕಣ್ಣು ಇದಕ್ಕೆ ತುಂಬಿ ಬಂತು. "ನಾನು ನಿನ್ನ ಹತ್ರ ಕೈ ಹಾಕಿಸ್ಕೋಬಾರದಿತ್ತು ಕಣೇ. ತಪ್ಪು ಮಾಡಿದೆ."

ಅಗ್ಗದ ಡಿಸ್ಕನ್ನೇ ಮೆಕ್ಯಾನಿಕ್ಕು ಹಾಕಿದ. ತುಕ್ಕು ಹಿಡಿಯದಿರಲೆಂದು ಹೊಸ ಡಿಸ್ಕಿಗೆ ಹಚ್ಚಿದ ಎಣ್ಣೆಯನ್ನು ಅವಳೇ ಪಕ್ಕದಲ್ಲಿ ನಿಂತು ಬಟ್ಟೆಯಿಂದ ಒರೆಸಿ ತೆಗೆದಳು. ಹೊಸದಾಗಿ ಹಾಕಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಮೆತ್ತಗೆ, ಮೇಲಿಂದ ಮೇಲೆ ಹಿಡಿಯಬೇಕು. ಆಗ ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆ ಮಾತನ್ನು ಮೆಕ್ಯಾನಿಕ್ಕು ಹೇಳಿದ. ಮೊಟ್ಟೆಯಣ್ಣ ಹೂಂ ಎಂದ, ಗೊತ್ತಿಲ್ಲದವನ ಹಾಗೆ.

"ನೀನೂ ಬಾ" ಎಂದ ಹೆಂಡತಿಗೆ. "ಮೊಟ್ಟೆ ಹಾಕಿ ಬರೋಣ."

ಯಜಮಾನರು ಅಷ್ಟರಲ್ಲಿ ವಾಪಸು ಬಂದಿದ್ದರು. ಹೋಗಮ್ಮಾ ಎಂದು ಕೈಯಲ್ಲೇ ಹೇಳಿ, ಅವಳ ಸ್ಟೂಲಿನ ಮೇಲಿದ್ದ ಊಟದ ಡಬ್ಬಿಯನ್ನು ತಾವೇ ತಂದು ಅವಳ ಕೈಗಿಟ್ಟರು. ಅವಳು ಅವನ ಹಿಂದೆ ಕೂತಳು. ಬೆನ್ನಿಗೆ ಟ್ರೇಗಳು ತಾಗುತ್ತಿದ್ದವು. ಸೊಂಟ ಹಿಡಿದುಕೊಳ್ಳಲು ಹೋದಾಗ ಅವನ ಪಕ್ಕೆಲುಬುಗಳು ಕೈಗೆ ಸಿಕ್ಕವು. ಭುಜ ಹಿಡಿದುಕೊಂಡಳು.

ಮೊದಲು ಬೇಕರಿಯ ಮುಂದೆ ಮೆತ್ತಗೆ ನಿಲ್ಲಿಸಿದ. ಟ್ರೇ ಇಳಿಸಿ, ಬೇಕರಿಯವನ ಜೊತೆ ಏನೋ ಮಾತಾಡಿ, ಹೊರಡುವಾಗ ನಡುವೆ ತುರುಕಿದ ಹಾಗೆ, "ಮುಂದಿನ ತಿಂಗಳಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದ. ಯಾಕೆ ಎಂದದ್ದಕ್ಕೆ, "ನಂಗೂ ರಿಟೈರ್ ಆಗೋ ಆಸೆ ಆಗ್ಬಾರ್ದಾ?" ಎಂದು ನಗಿಸಿದ. ಹಾಸ್ಟೆಲಿನ ಅಡುಗೆಮನೆಯಲ್ಲೂ ಅದನ್ನೇ ಹೇಳಿದ. ಅಲ್ಲಿ ಕಾರಣ ಬೇರೆ, ಕೋಳಿಗಳಿಗೂ ತನಗೂ ಜಗಳವಾಗಿದೆಯಂತೆ. ಆಮೇಲಿನ ಅಂಗಡಿಯಲ್ಲಿ ಮತ್ತೊಂದು. ಅವಳು ಗಾಡಿಯ ಪಕ್ಕ ನಿಂತು ಕೇಳುತ್ತಿದ್ದಳು. ಅವನು ಇಷ್ಟು ವರ್ಷ ಕಟ್ಟಿಕೊಂಡ ಸುತ್ತನ್ನು ತನ್ನ ಕೈಯಿಂದಲೇ ಒಂದೊಂದಾಗಿ ಬಿಚ್ಚಿ ಕೊಡುತ್ತಿದ್ದ. ಪ್ರತಿ ಅಂಗಡಿಯವರೂ ನಗುತ್ತಿದ್ದರು. ಅವಳು ತಲೆ ಬಗ್ಗಿಸಿ ಉಳಿದ ಟ್ರೇಗಳ ಟ್ಯೂಬನ್ನು ಮತ್ತೆ ಬಿಗಿಯುತ್ತಿದ್ದಳು.

ಕೊನೆಯದು ಇಳಿಜಾರಿನ ಬುಡದಲ್ಲಿದ್ದ ಅಜ್ಜಿಯ ಚಿಕ್ಕ ಅಂಗಡಿ. ಅವನು ಮೊಟ್ಟೆ ಹಾಕಲು ಶುರುಮಾಡಿದ್ದೇ ಆ ಅಂಗಡಿಗೆ. ಒಡೆದ ಮೊಟ್ಟೆಗೆ ಅಜ್ಜಿಯಿಂದ ಬೈಸಿಕೊಳ್ಳದೆ ಅವನ ದಿನ ಮುಗಿದದ್ದಿಲ್ಲ. ಗಾಡಿ ನಿಲ್ಲಿಸಿದ. ಇಳಿಯಲಿಲ್ಲ. ಹ್ಯಾಂಡಲ್ ಹಿಡಿದು ಮುಂದಕ್ಕೆ ನೋಡುತ್ತ ಕೂತೇ ಇದ್ದ.

"ಇಲ್ಲಿ ಆಗಲ್ಲ ಕಣೇ" ಎಂದ.

ಅವಳು ಇಳಿದು, ಟ್ಯೂಬು ಬಿಚ್ಚಿ, ಕೊನೆಯ ಟ್ರೇ ಎತ್ತಿಕೊಂಡು ಒಳಗೆ ಹೋದಳು.

"ಓಹೋ, ಇವತ್ತು ಹೆಂಡ್ತೀನ ಕಳಿಸಿದಾನೆ" ಎಂದಳು ಅಜ್ಜಿ. "ಎಷ್ಟು ಒಡೆದು ತಂದಿದಾನೆ?"

"ಒಂದೂ ಒಡೆದಿಲ್ಲ ಅಜ್ಜಿ."

ಅಜ್ಜಿ ನಂಬದೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಅವಳು ನೋಡಿ ಮುಗಿಸುವವರೆಗೂ ಇವಳು ನಿಂತಿದ್ದಳು.

"ಅಜ್ಜಿ, ಮುಂದಿನ ತಿಂಗಳಿಂದ ಬೇರೆಯವರ ಹತ್ರ ತಗೊಳ್ಳಿ."

"ಯಾಕೆ? ಬೈತೀನಿ ಅಂತ ಕೋಪಾನಾ ಅವನಿಗೆ? ಕರಿ ಇಲ್ಲಿ ಅವನನ್ನ. ನಾಲ್ಕು ದಿನ ಮುನಿಸ್ಕೊಂಡು ಮತ್ತೆ ಇಲ್ಲಿಗೇ ತಾನೇ ಬರ್ಬೇಕು?"

ಬೇಕರಿಯಲ್ಲಿ ಅವನು ಹೇಳಿದ್ದನ್ನು ಅವಳೂ ಹೇಳಬಹುದಿತ್ತು. ಹಾಸ್ಟೆಲಿನಲ್ಲಿ ಹೇಳಿದ್ದನ್ನು ಹೇಳಬಹುದಿತ್ತು. ನಗಿಸಿ ಬರಬಹುದಿತ್ತು.

"ಬರಲ್ಲ ಅಜ್ಜಿ" ಎಂದಳು. "ಅವರು ಉಳಿಯಲ್ಲ."

ಆ ಮಾತನ್ನು ಅವಳು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅಜ್ಜಿ ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಟ್ಟು, ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ನಲ್ಲಿಯ ಸದ್ದಿಲ್ಲದೆ, ಪಾತ್ರೆಯ ಸದ್ದಿಲ್ಲದೆ, ಬೀದಿಗೆ ಕೇಳುವ ಹಾಗೆ ಅವಳು ಅತ್ತಳು. ಹೊರಗೆ ಗಾಡಿಯ ಮೇಲೆ ಕೂತವನಿಗೂ ಅದು ಕೇಳಿಸಿತು. ಅವನು ಎಂಜಿನ್ ಆಫ್ ಮಾಡಿ, ಅವಳು ಅತ್ತು ಮುಗಿಸುವವರೆಗೂ ಕಾದ.